ಚಹಾಕ್ಕೆ ಮೊದಲು ಕೇಳಿದ ಆರೋಗ್ಯ

ಕಾಗದದ ಜೀವನಚಕ್ರ ಅಧ್ಯಯನ ಸಮಿತಿಯ ಅಧ್ಯಕ್ಷರೇ,

ನಮ್ಮ ಓಣಿಯ ನಲವತ್ತೆರಡು ಮನೆಗಳಲ್ಲಿ ಉಸಿರಾಟದ ತೊಂದರೆ ಸೊನ್ನೆ ಎಂದು ನಿಮ್ಮ ವರದಿ ಹೇಳಿದೆ. ಅದನ್ನು ನಂಬಿ, ಪ್ರತಿ ಗುರುವಾರ ಬರುತ್ತಿದ್ದ ಡಾಕ್ಟರರನ್ನು ಇಲ್ಲಿಯ ಕಾಗದ ಕಾರ್ಖಾನೆಯವರು ಮುಂದಿನ ತಿಂಗಳಿಂದ ನಿಲ್ಲಿಸುತ್ತಾರಂತೆ. ಆ ಸೊನ್ನೆ ತಪ್ಪು. ಅದು ಹೇಗೆ ಹುಟ್ಟಿತೆಂದು ಹೊಳೆದಾಗಿನಿಂದ ನನಗೆ ನಗು ತಡೆಯಲಾಗುತ್ತಿಲ್ಲ. ಅರವತ್ತೊಂದನೆಯ ವಯಸ್ಸಿನಲ್ಲಿ, ಸೊಸೆಯ ಮುಂದೆ, ಬಾಯಿಗೆ ಸೆರಗು ಒತ್ತಿಕೊಂಡು ನಗುವ ಹಾಗೆ ಮಾಡಿದ್ದೀರಿ. ಈ ಪರಿಣಾಮಕ್ಕೂ ಒಂದು ಅಂಕ ಹಾಕಿರಿ.

ಶಾಲೆಯ ಅಂಗಳದಲ್ಲಿ ವರದಿ ಓದಿದ ದಿನ ನಾನು ಮುಂದಿನ ಸಾಲಿನಲ್ಲಿದ್ದೆ. ಒಂದು ನೋಟ್‌ಬುಕ್ಕು ಬಿದಿರಾಗಿದ್ದಾಗಿನಿಂದ ರದ್ದಿಯಾಗಿ ಸುಟ್ಟುಹೋಗುವವರೆಗೆ ಗಾಳಿಗೆ, ನದಿಗೆ, ಮನುಷ್ಯರಿಗೆ ಏನು ಮಾಡುತ್ತದೆಂದು ಅಳೆದಿದ್ದೀರಿ. ವಿಚಾರ ದೊಡ್ಡದು, ಮೆಚ್ಚಿದೆ. ಆದರೆ ನಿಮ್ಮ ಅಧಿಕಾರಿ ‘ಕೆಮ್ಮು: ಇಲ್ಲ’ ಎಂದು ಓದುವುದಕ್ಕೂ ನನ್ನ ಪಕ್ಕದ ಮನೆಯ ಸಕ್ಕುಬಾಯಿ ಕೆಮ್ಮತೊಡಗುವುದಕ್ಕೂ ಸರಿಹೋಯಿತು. ಅವರು ಓದು ನಿಲ್ಲಿಸಿದರು. ಅವಳು ಕೆಮ್ಮು ನಿಲ್ಲಿಸಲಿಲ್ಲ. ಕೊನೆಗೆ ಅವರು ತಮ್ಮ ನೀರಿನ ಲೋಟವನ್ನೇ ಕೊಟ್ಟರು. ಕುಡಿದು, “ಮುಂದ ಓದ್ರಿ ಸಾಹೇಬ್ರ, ನಾ ಆರಾಮ ಅದೇನಿ” ಎಂದಳು!

ಅಲ್ಲಿಯೇ ಇದೆ ನೋಡಿ ಗುಟ್ಟು. ನಿಮ್ಮ ಸಮೀಕ್ಷೆಯ ಹೆಣ್ಣುಮಗಳು ನಮ್ಮ ಹೊಸ್ತಿಲಲ್ಲಿ ನಿಂತೇ ಕೇಳಿದ್ದಳು: “ಮನ್ಯಾಗ ಯಾರಿಗರ ಕೆಮ್ಮು, ದಮ್ಮು ಐತೇನ್ರಿ?”

“ಎಲ್ಲಾರೂ ಆರಾಮ ಅದೇವಿ. ಒಳಗ ಬಾರವಾ, ಚಹಾ ಕುಡಿ.”

“ಬ್ಯಾಡ್ರಿ ಅಮ್ಮಾರ, ಇನ್ನೂ ಇಪ್ಪತ್ತೈದು ಮನಿ ಅದಾವು.”

ಬರೆದುಕೊಂಡು ಹೋದಳು. ಒಳಗೆ ನನ್ನ ಸೊಸೆ ಸುಮನ ಬಾಯಿಗೆ ಸೀರೆ ತುರುಕಿಕೊಂಡು, ಮುಖ ಕೆಂಪಾಗಿ, ಕೆಮ್ಮು ತಡೆದು ನಿಂತಿದ್ದಳು. ತಡೆಯೆಂದು ಕಣ್ಣು ಬಿಟ್ಟವಳು ನಾನೇ. ಹೊಸ್ತಿಲಲ್ಲಿ ನಿಂತ ಅತಿಥಿಗೆ ಮನೆಯ ರೋಗ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಮೊದಲು ಚಹಾ, ಲೋಟ ಕೆಳಗಿಟ್ಟ ಮೇಲೆ ಕಷ್ಟ. ನಲವತ್ತೆರಡು ಮನೆಗಳಲ್ಲಿ ಒಂದರಲ್ಲಾದರೂ ಅವಳು ಚಹಾ ಕುಡಿದಿದ್ದರೆ ನಿಮ್ಮ ಸೊನ್ನೆ ಉಳಿಯುತ್ತಿತ್ತೇ?

ರೋಗದಿಂದ ಆಯುಷ್ಯದಲ್ಲಿ ಎಷ್ಟು ವರ್ಷ ಕಳೆಯಿತೆಂದು ಎಣಿಸುವ ವಿಧಾನವೂ ನಿಮ್ಮಲ್ಲಿದೆಯಂತೆ. ವರ್ಷಗಳನ್ನು ಎಣಿಸುವವರಿಗೆ ಹತ್ತು ನಿಮಿಷ ಕೂರಲು ಆಗಲಿಲ್ಲವೇ? ಬಿದಿರು, ನೀರು, ಹೊಗೆ, ಆರೋಗ್ಯ ಎಲ್ಲಕ್ಕೂ ಅಂಕ ಹಾಕಿ, ಕೂಡಿಸಿ, ‘ಉತ್ತಮ’ ಎಂದಿದ್ದೀರಿ. ನಾನು ಓದಿದ್ದು ಹತ್ತನೆಯವರೆಗೆ ಮಾತ್ರ. ಆದರೂ ಕೇಳುತ್ತೇನೆ: ಉಸಿರಾಟದಲ್ಲಿ ನಪಾಸಾದವಳನ್ನು ಬಿದಿರಿನ ಅಂಕ ಸೇರಿಸಿ ಪಾಸು ಮಾಡಬಹುದೇ? ನಮ್ಮ ಕೆಮ್ಮು ಕಾರ್ಖಾನೆಯ ಹೊಗೆಯದೋ, ನಮ್ಮದೇ ಕಟ್ಟಿಗೆ ಒಲೆಯದೋ ನನಗೆ ತಿಳಿಯದು. ಅದನ್ನು ಹೇಳುವುದೇ ನಿಮ್ಮ ಕೆಲಸವಲ್ಲವೇ?

ಆದ್ದರಿಂದ ಡಾಕ್ಟರರನ್ನು ನಿಲ್ಲಿಸುವ ಮೊದಲು ಮತ್ತೊಮ್ಮೆ ಬರಬೇಕು, ನೀವೇ ಬರಬೇಕು. ಕೂರಬೇಕು, ಕುಡಿಯಬೇಕು, ಆಮೇಲೆ ಕೇಳಬೇಕು. ಈ ಸಲ ಎದೆ ತುಂಬ ಕೆಮ್ಮೆಂದು ಸುಮನಳಿಗೆ ಅಪ್ಪಣೆ ಕೊಟ್ಟೆ. ಅವಳು ನಕ್ಕು, “ನೀವು ಮೊದಲ ಕೆಮ್ರಿ ಅತ್ತಿ. ಎರಡು ವರ್ಷದಿಂದ ದಿಂಬಿನ್ಯಾಗ ಮುಖಾ ಹುದಗಿಸಿ ಕೆಮ್ಮೂದು ನನಗ ಕೇಳ್ಸೂದಿಲ್ಲೇನು?” ಎಂದಳು.

ಸಿಕ್ಕಿಬಿದ್ದೆ. ಬನ್ನಿರಿ, ನಾನೇ ಮೊದಲು ಕೆಮ್ಮುತ್ತೇನೆ.

ಇಂತಿ,
ನಿಮ್ಮ ಪಟ್ಟಿಯ ಹದಿನೇಳನೆಯ ಮನೆಯ ಆರೋಗ್ಯವಂತೆ,
ಮಾಲವ್ವ
ದಾಂಡೇಲಿ, ೨೦೦೪