ನೊರೆಯ ಕೆಳಗಿನ ತೇಪೆ

ಗದಗ, ಇಸವಿ ೨೧೪೭, ಶ್ರಾವಣದ ಎರಡನೆಯ ಸೋಮವಾರ

ನಮಗಿಂತ ಮೊದಲು ಬಾಳುತ್ತಿರುವ ಹಿರಿಯರಿಗೆ ಇರಾವತಿ ಹಡಪದಳ ನಮಸ್ಕಾರ. ನಾನು ಅನ್ನನಾಳ ನೋಡುವ ವೈದ್ಯೆ. ಈ ತಾರೀಖು ನಿಮಗೆ ಸುಳ್ಳೆನಿಸೀತು, ಕೆಲವು ಮಾತುಗಳು ವಿಚಿತ್ರವೆನಿಸಿಯಾವು, ಮನ್ನಿಸಿ.

ನಮ್ಮಲ್ಲಿ ನಡುವಯಸ್ಸು ದಾಟಿದವರು ವರ್ಷಕ್ಕೊಮ್ಮೆ, ಬೆಳಗಿನ ಚಹಾಕ್ಕೆ ಮೊದಲು, ನುಂಗುಗಣ್ಣು ನುಂಗುತ್ತಾರೆ. ದಾರ ಕಟ್ಟಿದ, ಕಡಲೆಕಾಳಿನಷ್ಟು ಕ್ಯಾಮೆರಾ ಅದು. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಸಾಲಾಗಿ ಕೂತು, ಬಾಯಿಂದ ದಾರ ಇಳಿಬಿಟ್ಟುಕೊಂಡು, ಮಾತಾಡಲಾಗದೆ ಒಬ್ಬರನ್ನೊಬ್ಬರು ನೋಡಿ ನಗುತ್ತಿರುತ್ತಾರೆ. ಅದರ ಚಿತ್ರಗಳನ್ನು ನಾವು ವೈದ್ಯರೇ ನೋಡುತ್ತಿದ್ದೆವು. ನನ್ನ ಗುರುಗಳಾದ ಡಾಕ್ಟರ್ ಶಿವಯೋಗಿ ಮಠಪತಿಯವರು ಅವನ್ನು ತಾನೇ ನೋಡಿ ರೋಗವಿದೆಯೋ ಇಲ್ಲವೋ ಹೇಳುವ ಯಂತ್ರವೊಂದನ್ನು ರೂಪಿಸಿದರು. ಅವರ ಅರ್ಧ ಆಯುಷ್ಯ ಅದಕ್ಕೇ ಸವೆದಿತ್ತು.

ಯಂತ್ರ ನಾಡಿನ ಆಸ್ಪತ್ರೆಗಳಿಗೆಲ್ಲ ಹೊರಡಲು ಒಂದು ತಿಂಗಳಿರುವಾಗ, ಸರ್ ಎಲ್ಲರೆದುರು ತಾವೇ ನುಂಗುಗಣ್ಣು ನುಂಗಿದರು. ಯಂತ್ರ ಸ್ವಚ್ಛ ಎಂದಿತು. ಸಭೆ ಚಪ್ಪಾಳೆ ತಟ್ಟಿತು. ನನಗೆ ತಟ್ಟಲಾಗಲಿಲ್ಲ. ಪರದೆಯ ಮೇಲಿನ ಚಿತ್ರದಲ್ಲಿ, ಅವರ ಅನ್ನನಾಳದ ನಡುವೆ ಎಂಜಲಿನ ನೊರೆಯೊಂದು ಗೋಡೆಗಂಟಿ ಕೂತಿತ್ತು.

ಜನ ಚದುರಿದ ಮೇಲೆ ಹೇಳಿದೆ: "ಸರ್, ಆ ನೊರಿ ಕೆಳಗ ಏನೈತಿ ಅಂತ ಕಾಣವಲ್ದ್ರಿ. ನಳಿಗಿ ಇಳಿಸಿ, ತೊಳದು ನೋಡೂಣ್ರಿ."

"ಯಂತ್ರ ಸ್ವಚ್ಛ ಅಂದೈತಲ್ಲ. ಅದಕ್ಕ ನೋಡೂದು ಕಲಿಸಿದಾವ ನಾನು, ನಿನಗ ಕಲಿಸಿದಾವನೂ ನಾನ."

"ನೀವ ಕಲಿಸಿದ್ದಕ್ಕ ಕೇಳಾಕತ್ತೀನ್ರಿ."

ಅವರ ಮುಖ ಬಿಗಿಯಿತು. ಏನಾದರೂ ಸಿಕ್ಕರೆ ಯಂತ್ರ ನಿಲ್ಲುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅಲ್ಲೇ ಇದ್ದ ಅವರ ಹೆಂಡತಿ ಪಾರ್ವತೆಕ್ಕ ಮೆಲ್ಲಗೆ ಅಂದರು: "ಹುಡುಗಿ ಇಷ್ಟ ಅನ್ನಾಕತ್ತಾಳಂದ್ರ, ಒಮ್ಮಿ ತೋರಿಸ್ಕೋರಿ."

ಮರುದಿನ ಬೆಳಿಗ್ಗೆ, ತುದಿಯಲ್ಲಿ ದೀಪ, ಕ್ಯಾಮೆರಾ ಇರುವ ನಳಿಗೆಯನ್ನು ಅವರ ಗಂಟಲೊಳಗೆ ಇಳಿಸಿದೆ. ನೀರು ಬಿಟ್ಟು ನೊರೆ ತೊಳೆದೆ. ಬಿಳಿ ಬೆಳಕಿನಲ್ಲಿ ಏನೂ ಕಾಣಲಿಲ್ಲ. ಗೋಡೆ ಗುಲಾಬಿಯಾಗಿ, ನುಣ್ಣಗೆ ಇತ್ತು. ನಾನೇ ತಪ್ಪಿದೆನೇನೋ ಅನ್ನಿಸಿತು. ಆದರೂ ನೀಲಿ ಬೆಳಕು ಹಾಕಿ ನಳಿಗೆಯನ್ನು ನಿಧಾನವಾಗಿ ಹಿಂದೆಳೆದೆ. ಒಂದು ಕಡೆ ಕಂದು ನೆರಳು ಕಂಡ ಹಾಗಾಯಿತು. ಅಯೋಡಿನ್ ಸಿಂಪಡಿಸಿದೆ. ಸುತ್ತಲಿನ ಆರೋಗ್ಯವಂತ ಒಳಪದರವೆಲ್ಲ ಕಂದಾಯಿತು. ಉಗುರಿನಗಲದ ಒಂದು ತೇಪೆ ಮಾತ್ರ ಬಣ್ಣ ಹಿಡಿಯದೆ ಬಿಳಿಚಿಕೊಂಡೇ ಉಳಿಯಿತು. ಕ್ಯಾನ್ಸರಿನ ಮೊದಲ ಹೆಜ್ಜೆ ಹೀಗೇ ಇರುತ್ತದೆ, ನೋವಿಲ್ಲ, ತುತ್ತು ಸಿಕ್ಕಿಕೊಳ್ಳುವುದಿಲ್ಲ.

ತೇಪೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದೆವು, ಕ್ಯಾನ್ಸರೇ ಆಗಿತ್ತು. ಅದೇ ವಾರ ಎದೆ ಕೊಯ್ಯದೆ, ನಳಿಗೆಯೊಳಗಿಂದಲೇ ಆ ಪದರವನ್ನು ಸುಲಿದು ತೆಗೆದೆ. ಬೇರು ಆಳಕ್ಕಿಳಿದಿದೆಯೋ ಎಂದು ತಿಳಿಯಲು ಅದನ್ನೂ ಪರೀಕ್ಷೆಗೆ ಕಳಿಸಿದೆವು. ಇಳಿದಿರಲಿಲ್ಲ. ಪಾರ್ವತೆಕ್ಕ ನನ್ನ ಕೈ ಹಿಡಿದು ಅತ್ತರು. ಸರ್ ಕೇಳಿದ್ದು ಒಂದೇ: "ಯಂತ್ರಕ್ಕ ಯಾಕ ಕಾಣಲಿಲ್ಲ?"

ಇಬ್ಬರೂ ಕೂತು, ಯಂತ್ರ ಕಲಿತ ಹಳೆಯ ಚಿತ್ರಗಳನ್ನೆಲ್ಲ ತೆಗೆದೆವು. ಅವು ನಿಮ್ಮ ಕಾಲದವು. ಹೊರಗೆ ರೋಗಿಗಳ ಸಾಲು, ಒಳಗೆ ಅವಸರ. ನೊರೆ ತೊಳೆಯದೆ ತೆಗೆದ ಎಷ್ಟೋ ಚಿತ್ರಗಳ ಮೇಲೆ ಸ್ವಚ್ಛ ಎಂದೇ ಬರೆದಿತ್ತು. ನೊರೆ ಎಂದರೆ ಸ್ವಚ್ಛ ಎಂದು ಯಂತ್ರ ನಂಬಿಬಿಟ್ಟಿತ್ತು. ಸರ್ ಆ ಚಿತ್ರಗಳನ್ನು ಒಂದೊಂದಾಗಿ ಮತ್ತೆ ನೋಡಿದರು. ಆಮೇಲೆ ಫೋನ್ ಎತ್ತಿ, "ಯಂತ್ರ ಕಳಸಬ್ಯಾಡ್ರಿ. ಇನ್ನೂ ಕಲೀಬೇಕದು" ಎಂದರು. ಈಗ ಅದಕ್ಕೆ ಮೊದಲಿನಿಂದ ಕಲಿಸುತ್ತಿದ್ದಾರೆ.

ನಿಮ್ಮನ್ನು ದೂರಲು ಇದನ್ನು ಬರೆಯುತ್ತಿಲ್ಲ. ನಿಮ್ಮ ಮುಂದಿದ್ದ ಸಾಲು ಎಂಥದೆಂದು ಬಲ್ಲೆ. ಆದರೆ ನೀವು ಇಂದು ತೆಗೆಯುವ ಚಿತ್ರದಿಂದಲೇ ನಾಳೆಯವರು ನೋಡುವುದು ಕಲಿಯುತ್ತಾರೆ. ವೈದ್ಯರೇ, ತೊಳೆದು ನೋಡಿ, ನಿಧಾನವಾಗಿ ನೋಡಿ, ಕಾಣದಿದ್ದರೆ ಕಾಣಲಿಲ್ಲ ಎಂದೇ ಬರೆಯಿರಿ. ರೋಗಿಗಳೇ, ವೈದ್ಯರು ಇನ್ನೊಂದಿಷ್ಟು ಹೊತ್ತು ಕೇಳಿದರೆ ಕೊಡಿ.

ಹೊರಗೆ ನನ್ನ ರೋಗಿಗಳು ಹಸಿದು ಕೂತಿದ್ದಾರೆ. ಬರುತ್ತೇನೆ.