ತಿಪ್ಪವ್ವನ ಕಲ್ಲು ಮತ್ತು ನಾನು ಕಂಡುಹಿಡಿದ ಎರಡು ಚಕ್ರದ ರಥ

ಪುಣೆ, ಮೇ ೧೯೭೯

ಪ್ರಾಚೀನ ವಸ್ತುಗಳನ್ನು ಪಟ್ಟಿ ಮಾಡಿ ಬೀಗ ಹಾಕಿ ಕಾಪಾಡುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಗೋದಾಮಿನಲ್ಲಿ, ಒಂದು ತುಕ್ಕು ಹಿಡಿದ ತೋಪಿಗೂ ಮೂಗಿಲ್ಲದ ಮೂರು ನಂದಿಗಳಿಗೂ ನಡುವೆ, ಗೋಡೆಗೆ ಮುಖ ಮಾಡಿ ನಿಲ್ಲಿಸಿದ ಒಂದು ಕಲ್ಲಿದೆ. ಅದರ ಬೆನ್ನಿನ ಮೇಲೆ ಬಿಳಿ ಬಣ್ಣದಲ್ಲಿ ೩೧೭ ಎಂದು ಬರೆದಿದೆ. ನಿಮ್ಮ ದಫ್ತರಿನ ಪ್ರಕಾರ ಅದು ಹನ್ನೆರಡನೆಯ ಶತಮಾನದ ವೀರಗಲ್ಲು. ನಿಜದಲ್ಲಿ ಅದಕ್ಕೆ ಈಗ ಹದಿನೇಳು ವರ್ಷ. ಓಟು ಹಾಕುವ ಇಪ್ಪತ್ತೊಂದರ ವಯಸ್ಸಿಗೆ ಬರಲು ಇನ್ನೂ ನಾಲ್ಕು ವರ್ಷ ಬೇಕು. ಅದು ತಿಪ್ಪವ್ವ ಎಂಬ ಗಾರೆ ಕೆಲಸದ ಹೆಂಗಸು ತನ್ನ ಗಂಡನ ನೆನಪಿಗೆ ನದಿಯ ದಂಡೆಯಲ್ಲಿ ನಿಲ್ಲಿಸಿಕೊಂಡಿದ್ದ ಕಲ್ಲು. ಅವಳದನ್ನು ಅವಳಿಗೆ ಕೊಡಿ.

ಪತ್ರ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಅಷ್ಟು ಎಳೆಯ ಕಲ್ಲಿಗೆ ಎಂಟು ನೂರು ವರ್ಷ ವಯಸ್ಸು ಏರಿಸಿದ ಮಹಾನುಭಾವ ಯಾರು ಎಂಬ ಪ್ರಶ್ನೆ ಈ ಬಹಿರಂಗ ಪತ್ರದ ಓದುಗರಿಗೆ ಬರುತ್ತದೆ. ನಿಮಗೆ ಬರುವುದಿಲ್ಲ, ಏಕೆಂದರೆ ನಿಮಗೆ ಗೊತ್ತಿದೆ. ನಾನೇ.

ಮಾನ್ಯರೇ, ಪುಣೆಯಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತಗಿರಿ ಮಾಡಿದವನಿಗೆ ಇತಿಹಾಸದ ಹುಚ್ಚು ಹಿಡಿಯಲಿಲ್ಲವೆಂದರೆ ಅವನ ಆರೋಗ್ಯದಲ್ಲಿಯೇ ಏನೋ ದೋಷವಿದೆ ಎಂದು ತಿಳಿಯಬೇಕು. ಈ ಊರಿನಲ್ಲಿ ಕ್ಷೌರಿಕ ಕತ್ತಿಯನ್ನು ನಿಮ್ಮ ಗಂಟಲ ಮೇಲಿಟ್ಟುಕೊಂಡು ಒಂದು ಲಢಾಯಿಯ ತಾರೀಖಿನ ಬಗ್ಗೆ ನಿಮ್ಮ ಅಭಿಪ್ರಾಯ ಕೇಳುತ್ತಾನೆ. ಹಾಲು ಹಾಕುವವನ ಮುತ್ತಜ್ಜ ಅದೇ ಲಢಾಯಿಯಲ್ಲಿ ಕುದುರೆಗೆ ನೀರು ಕುಡಿಸಿರುತ್ತಾನೆ. ನಾವು ಬಾಡಿಗೆಗಿರುವ ವಾಡೆಯ ಮಾಲಕರ ಮನೆಯಲ್ಲಿ ಮೋಡಿ ಎಂಬ ಹಳೆಯ ಮರಾಠಿ ಲಿಪಿಯ ಕಾಗದಗಳ ಒಂದು ಪೆಟ್ಟಿಗೆ ಇದೆ. ಅವರಿಗೆ ಓದಲು ಬರುವುದಿಲ್ಲ, ಬರುವವರಿಗೆ ಅವರು ತೋರಿಸುವುದಿಲ್ಲ. ನಲ್ಲಿಯಲ್ಲಿ ನೀರು ಕಡಿಮೆಯಾದ ದಿನ ಅವರು ಆ ಪೆಟ್ಟಿಗೆಯ ಮೇಲೆ ಕುಳಿತು, ಹೊರಗಿನಿಂದ ಬಂದವರಿಂದ ಊರು ಹೇಗೆ ಕೆಟ್ಟಿತು ಎಂದು ಮರಾಠಿಯಲ್ಲಿ ವಿವರಿಸುತ್ತಾರೆ. ಹೊರಗಿನಿಂದ ಬಂದವನು ಎಂದರೆ ನಾನು, ಬಕೆಟ್ಟು ಹಿಡಿದು ನಿಂತವನು. ನನ್ನ ಕಡೆ ಯಾವ ಪೆಟ್ಟಿಗೆಯೂ ಇರಲಿಲ್ಲ. ನಮ್ಮಜ್ಜ ವಿಜಾಪುರದ ಸಂತೆಯಲ್ಲಿ ಬೆಲ್ಲ ಮಾರುತ್ತಿದ್ದರು, ಮತ್ತು ಬೆಲ್ಲ ಉಳಿಯುವ ಪದಾರ್ಥವಲ್ಲ.

ಹೀಗಿರುವಾಗ ಎಪ್ಪತ್ತೇಳರ ದೀಪಾವಳಿಯ ರಜೆಯಲ್ಲಿ, ಶಿವಾಜಿನಗರದ ಆಚೆ ಮುಠಾ ನದಿಯ ದಂಡೆಯ ಮೇಲೆ ಹೋಗುತ್ತಿದ್ದಾಗ, ನನ್ನ ಸೈಕಲ್ಲಿನ ಚೈನು ಕಳಚಿತು. ಅರಳೀ ಮರದ ಕೆಳಗೆ ನಿಂತಿದ್ದ ಒಂದು ಕಲ್ಲಿಗೆ ಸೈಕಲ್ಲನ್ನು ಒರಗಿಸಿ ಚೈನು ಹಾಕಿದೆ. ಕೈ ಒರಸಿಕೊಳ್ಳಲು ಏನಾದರೂ ಸಿಗುತ್ತದೆಯೇ ಎಂದು ನೋಡುವಾಗ ಕಲ್ಲು ನನ್ನ ಕಣ್ಣಿಗೆ ಬಿತ್ತು. ಸೈಕಲ್ಲನ್ನು ಅದಕ್ಕೇ ಒರಗಿಸಿದ್ದೆ ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ನನ್ನ ಮರ್ಯಾದೆ ಹೋಗುವ ಜಾಗದಲ್ಲಿ ಇದು ಬೇಕಾಗುತ್ತದೆ.

ಎಣ್ಣೆ, ಅರಿಶಿನ, ಕುಂಕುಮ ಬೆರಳು ದಪ್ಪ ಕೂತಿದ್ದ ಆ ಕಲ್ಲಿನ ಮೇಲೆ ಒಂದರ ಮೇಲೊಂದು ಮೂರು ಪಟ್ಟಿ. ಕೆಳಗಿನದರಲ್ಲಿ ಒಬ್ಬ ಗಂಡಸು, ಅವನ ಪಕ್ಕ ಒಂದರ ಹಿಂದೊಂದು ಎರಡು ಚಕ್ರ, ಅವುಗಳ ಮೇಲೆ ಕುಳಿತ ಒಬ್ಬ ಹೆಂಗಸು. ನಡುವಿನದರಲ್ಲಿ ಬರೀ ಅಲೆಯಂಥ ಗೆರೆಗಳು, ಗೆರೆಗಳ ಮೇಲೆ ಎತ್ತಿದ ಒಂದು ಕೈ. ಮೇಲಿನದರಲ್ಲಿ ಅದೇ ಗಂಡಸು ಆರಾಮವಾಗಿ ಕುಳಿತಿದ್ದಾನೆ, ಆಚೀಚೆ ಸೂರ್ಯ ಚಂದ್ರರು. ನಮ್ಮ ಕಡೆಯ ಊರುಗಳ ಹಳೆಯ ಗುಡಿಗಳ ಮುಂದೆ ಇಂಥವನ್ನು ನೂರು ನೋಡಿದ್ದೇನೆ. ಪುಣೆಯಲ್ಲಿ, ನದಿಯ ದಂಡೆಯಲ್ಲಿ, ನಮ್ಮ ಕಡೆಯ ವೀರಗಲ್ಲು. ನನ್ನ ಎದೆಯೊಳಗೆ ಮಾಲಕರ ಪೆಟ್ಟಿಗೆಗಿಂತ ದೊಡ್ಡದೊಂದು ಪೆಟ್ಟಿಗೆ ತೆರೆಯಿತು.

ತಲೆಯ ಮೇಲೆ ಬುಟ್ಟಿ ಹೊತ್ತ ಒಬ್ಬ ಹೆಂಗಸು ಬಂದು ನಿಂತಳು. ಅವಳೇ ತಿಪ್ಪವ್ವ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳ ಮುಖ ಅರಳಿತು.

“ಈ ಕಲ್ಲು ಎಷ್ಟು ಹಳೇದವ್ವ?”

“ಭಾಳ ವರ್ಷ ಆತ್ರಿ ಅಣ್ಣಾರ.”

ಬರೆದುಕೊಂಡೆ: ಸ್ಥಳೀಯ ಐತಿಹ್ಯದಂತೆ ಅತಿ ಪ್ರಾಚೀನ.

“ಇದರಾಗ ಇರಾವ್ರು ಯಾರು?”

ಅವಳು ಸೆರಗು ಬಾಯಿಗೆ ಅಡ್ಡ ಹಿಡಿದಳು. “ನಾ ಹೆಂಗ ಹೆಸರು ಹೇಳ್ಲಿರಿ? ಹೇಳಬಾರದು.”

ಬರೆದುಕೊಂಡೆ: ವೀರನ ನಾಮೋಚ್ಚಾರಣೆಗೆ ಜನಪದದಲ್ಲಿ ಇಂದಿಗೂ ಕಠೋರ ನಿಷೇಧ. ಅವಳು ಇನ್ನೂ ಏನೋ ಹೇಳಲು ಬಾಯಿ ತೆರೆದಿದ್ದಳು. ಆದರೆ ನನ್ನ ಬಳಿ ಸಾಮಗ್ರಿ ಆಗಲೇ ಸಾಕಷ್ಟಿತ್ತು.

ಮಾನ್ಯರೇ, ನನ್ನ ಧರ್ಮಪತ್ನಿ ಗೌರಾಬಾಯಿ ನನ್ನನ್ನು ಮದುವೆಯಾಗಿ ಇಪ್ಪತ್ತನಾಲ್ಕು ವರ್ಷವಾಯಿತು. ಒಂದು ದಿನವೂ ನನ್ನ ಹೆಸರು ಹೇಳಿಲ್ಲ. ರೇಷನ್ ಅಂಗಡಿಯವನು ಯಜಮಾನರ ಹೆಸರು ಕೇಳಿದರೆ ಕಾರ್ಡು ಮುಂದೆ ಚಾಚುತ್ತಾಳೆ. ಹೆಸರು ಹೇಳಬಾರದ ಗಂಡಸು ಹೆಂಗಸಿಗೆ ಏನಾಗಬೇಕು ಎಂಬುದು ನನಗೆ ದಿನವೂ ಊಟದ ಜೊತೆ ಬಡಿಸಲ್ಪಡುವ ಜ್ಞಾನ. ಅದು ಮನೆಯಲ್ಲೇ ಉಳಿಯಿತು, ಸಂಶೋಧನೆಗೆ ನಾನೊಬ್ಬನೇ ಬಂದಿದ್ದೆ.

ಮುಂದಿನದು ನಿಮಗೆ ಗೊತ್ತು. ಕನ್ನಡ ಬಂಧುಗಳ ಸಭೆಯಲ್ಲಿ, ಅಧ್ಯಕ್ಷ ಶಿವರುದ್ರಪ್ಪನವರ ಸಮ್ಮುಖದಲ್ಲಿ, ‘ಮುಠಾ ತೀರದ ಮೂಕ ವೀರ’ ಎಂಬ ಪ್ರಬಂಧ ಓದಿದೆ. ಒಬ್ಬ ಸ್ತ್ರೀಯನ್ನು ರಥದಲ್ಲಿ ಪಾರು ಮಾಡಿ, ಮರಳಿ ನದಿಯನ್ನು ದಾಟುವಾಗ ಪ್ರಾಣ ಬಿಟ್ಟ ವೀರ ಎಂದೆ. ರಥಕ್ಕೆ ಚಕ್ರಗಳು ಅಕ್ಕಪಕ್ಕ ಇರಬೇಕಲ್ಲ, ಹಿಂದೆಮುಂದೆ ಏಕೆ ಎಂದು ಒಬ್ಬರು ಕೇಳಿದರು. ಪಕ್ಕದಿಂದ ಕಾಣದ ಚಕ್ರವನ್ನೂ ತೋರಿಸುವ ಔದಾರ್ಯ ಅಂದಿನ ಶಿಲ್ಪಿಗಳಿಗಿತ್ತು ಎಂದೆ. ಕುದುರೆ ಎಲ್ಲಿ ಎಂದು ಇನ್ನೊಬ್ಬರು ಕೇಳಿದರು. ಯುದ್ಧದಲ್ಲಿ ಸತ್ತಿರಬೇಕು ಎಂದೆ. ಚಪ್ಪಾಳೆ ಬಿತ್ತು, ಶಾಲು ಬಂತು. ಚಾಲುಕ್ಯರ ಕಾಲದ್ದು ಎಂದು ನಾನು ಬರೆದರೆ, ಅಲ್ಲ, ಯಾದವರದ್ದು ಎಂದು ಮರಾಠಿ ಪತ್ರಿಕೆಯಲ್ಲಿ ಯಾರೋ ಉತ್ತರ ಬರೆದರು. ಎರಡು ತಿಂಗಳು ನಾವು ಶಾಯಿ ಎರಚಾಡಿದೆವು. ಕಲ್ಲು ನಮ್ಮದೋ ಅವರದೋ ಎಂದು ಜಗಳವಾಡಿದ ನೂರಾರು ಜನರಲ್ಲಿ ಒಬ್ಬನೂ, ಅದಕ್ಕೆ ದಿನವೂ ನೀರು ಹಾಕುವವಳನ್ನು ಕೇಳಲಿಲ್ಲ. ಗದ್ದಲ ಕೇಳಿ ನೀವು ಎಚ್ಚರಗೊಂಡಿರಿ. ಕೈಗಾಡಿ ಬಂತು, ಕಲ್ಲು ಹೋಯಿತು. ಕೆಲಸಕ್ಕೆ ಹೋಗಿದ್ದ ತಿಪ್ಪವ್ವ ಸಂಜೆ ಬಂದಾಗ ಅರಳೀ ಮರದ ಕೆಳಗೆ ಒಂದು ತಗ್ಗು ಇತ್ತು.

ನಾಲ್ಕನೆಯ ದಿನ ಬೆಳಿಗ್ಗೆ ನಮ್ಮ ಮನೆಗೆ ತಿಪ್ಪವ್ವನ ಅಣ್ಣ ಬಂದ. ಹೆಸರು ಅಂಬಣ್ಣ, ಯಾದಗಿರಿ ಕಡೆಯವನು, ಪುಣೆಯ ರಸ್ತೆಗಳಿಗೆ ಅಂಚುಗಲ್ಲು ಕಡಿಯುವವನು. ಹೊಸ್ತಿಲಲ್ಲಿ ಕುಳಿತು ಕೇಳಿದ:

“ಆ ಕಲ್ಲು ಯಾರೋ ರಾಜಾ ಮಾಡ್ಸಿದ್ದು ಅಂತ ಹೇಳೀರಂತಲ್ರಿ?”

“ಚಾಲುಕ್ಯರು,” ಎಂದೆ, ಅವನಿಗೆ ತಿಳಿಯಲೆಂದು ನಿಧಾನವಾಗಿ.

“ಹಂಗಾರ ಅವ್ರು ನನಗ ಒಂದು ಕಪ್ ಚಹಾ ಸೈತ ಕುಡಸಲಿಲ್ಲ ನೋಡ್ರಿ. ಕಡದಾಂವ ನಾನ.”

ನಾನು ರಥದ ಪ್ರಸ್ತಾಪ ಎತ್ತಿದೆ.

“ರಥ ಎಲ್ಲಿಂದ ಬಂತ್ರಿ? ಸೈಕಲ್ ಅದು. ನಮ್ಮ ಮಾವಂದು, ತಿಪ್ಪವ್ವನ ಗಂಡಂದು. ಅರವತ್ತೊಂದರಾಗ ಪಾನಶೆತ್ ಡ್ಯಾಮ್ ಒಡದು ಹೊಳಿ ಊರೊಳಗ ಬಂತಲ್ಲ, ಅವತ್ತ ಓಣ್ಯಾಗಿನ ಒಬ್ಬಾಕಿ ಮುದುಕಿನ್ನ ಕ್ಯಾರಿಯರ್ ಮ್ಯಾಲೆ ಕುಂದ್ರಿಸಿ ದಿಬ್ಬದ ಮ್ಯಾಲೆ ಬಿಟ್ಟು ಬಂದ. ಮತ್ತೊಬ್ಬಾಕಿನ್ನ ತರಾಕ ತಿರುಗಿ ಹ್ವಾದ. ಬರಲಿಲ್ಲ. ಸೈಕಲ್ ಸಿಕ್ಕಿತ್ರಿ, ಜಾಲಿ ಗಿಡದಾಗ.”

ಒಳಗಿನಿಂದ ಗೌರಾಬಾಯಿಯ ದನಿ ಬಂತು: “ಏನ್ರೀ, ದಿನಾ ಎರಡು ಹೊತ್ತು ತುಳಿತೀರಿ. ಗುರ್ತ ಸಿಗಲಿಲ್ಲೇನು?”

ಸಿಗಲಿಲ್ಲ. ಈ ಊರಿನಲ್ಲಿ ಜನರಿಗಿಂತ ಸೈಕಲ್ಲುಗಳು ಹೆಚ್ಚು. ಅದನ್ನು ಗುರುತಿಸಲಾಗದ ಏಕೈಕ ವ್ಯಕ್ತಿಗೆ ಶಾಲು ಹೊದಿಸಲಾಗಿದೆ. ಅವನು ಆ ಕಲ್ಲನ್ನು, ಅದಕ್ಕೇ ತನ್ನ ಸೈಕಲ್ಲು ಒರಗಿಸಿ, ಪರೀಕ್ಷಿಸಿದ್ದ.

ಆದರೂ ಸೋಲೊಪ್ಪದೆ ಕೇಳಿದೆ: “ಹಂಗಾದ್ರ ಹಳೇ ಕಾಲದ ಥರಾ ಯಾಕ ಕಡದಿ?”

“ಸತ್ತಾವ್ರಿಗೆ ಹಂಗ ಕಡಿಯೂದ್ರಿ. ನಮ್ಮಪ್ಪ ಹಂಗ ಕಡೀತಿದ್ದ, ಅವರಪ್ಪನೂ ಹಂಗ. ಮತ್ತ ಹೆಂಗ ಕಡೀಬೇಕು?”

ಆರು ನೂರು ವರ್ಷಗಳ ಹಿಂದೆ ಅಳಿದುಹೋದ ಕಲೆ ಎಂದು ನಾನು ಪ್ರಬಂಧದಲ್ಲಿ ಬರೆದಿದ್ದೆ. ಆ ಕಲೆ ನಮ್ಮ ಹೊಸ್ತಿಲಲ್ಲಿ ಕುಳಿತು ತಟ್ಟೆಗೆ ಚಹಾ ಬಗ್ಗಿಸಿಕೊಂಡು ಊದುತ್ತಿತ್ತು. ನಾನು ಕಚೇರಿಗೆ ಹೋಗುವ ರಸ್ತೆಯ ಅಂಚುಗಲ್ಲುಗಳೂ ಅದರ ಕೈಯವೇ.

ಅಂದಿನಿಂದ ನಿಮಗೆ ಮೂರು ಪತ್ರ ಬರೆದೆ, ಮೂರಕ್ಕೂ ಉತ್ತರ ಬಂತು. ಇದಕ್ಕಾಗಿ ನಿಮ್ಮನ್ನು ಮೆಚ್ಚಬೇಕು. ಮೊದಲನೆಯ ಉತ್ತರದಲ್ಲಿ, ಕಲ್ಲು ಹನ್ನೆರಡನೆಯ ಶತಮಾನದ್ದೆಂಬುದಕ್ಕೆ ವಿದ್ವತ್ಪೂರ್ಣ ಪ್ರಬಂಧವೊಂದರ ಆಧಾರವಿದೆ, ಅರ್ಜಿದಾರರು ಮೊದಲು ಅದನ್ನು ಓದಬೇಕು ಎಂದು ತಿಳಿಸಿದಿರಿ. ಪ್ರಬಂಧ ನನ್ನದೇ. ನನ್ನನ್ನು ನನ್ನ ಕೈಯಿಂದಲೇ ಹೊಡೆಸಿದಿರಿ. ಎರಡನೆಯದರಲ್ಲಿ, ಕಲ್ಲುಕುಟಿಗನೊಬ್ಬನ ಬಾಯಿಮಾತು ಇತಿಹಾಸಕ್ಕೆ ಆಧಾರವಾಗದು ಎಂದಿರಿ. ಸರಿ, ಆದರೆ ನಿಮ್ಮ ಗೋದಾಮಿನಲ್ಲಿರುವ ಅಷ್ಟೂ ಕಲ್ಲುಗಳನ್ನು ಕಡಿದವರು ಯಾರು, ಪ್ರಾಧ್ಯಾಪಕರೇ? ಮೂರನೆಯದು ಎಲ್ಲಕ್ಕಿಂತ ಮೇಲು. ನೂರು ವರ್ಷವಾಗದ ವಸ್ತು ಕಾಯ್ದೆಯಂತೆ ಪ್ರಾಚೀನವಲ್ಲ. ಪ್ರಾಚೀನವಲ್ಲದ್ದನ್ನು ನಮ್ಮ ಕಚೇರಿ ಸಂಗ್ರಹಿಸುವುದಿಲ್ಲ. ಆದಕಾರಣ ಅರ್ಜಿದಾರರು ಹೇಳುವ ಕಲ್ಲು ನಮ್ಮಲ್ಲಿಲ್ಲ. ಮಾನ್ಯರೇ, ನಿಮ್ಮ ಕಿಟಕಿಗೆ ಗಾಜಿಲ್ಲ. ಹಿಂದಿನ ಗಲ್ಲಿಯಲ್ಲಿ ನಿಂತರೆ ಕಾಣುತ್ತದೆ.

ಕಾಣುತ್ತದೆ ಎಂದು ನನಗೆ ಹೇಗೆ ಗೊತ್ತಾಯಿತೆಂದರೆ, ಕಳೆದ ವರ್ಷ ಮಣ್ಣೆತ್ತಿನ ಅಮಾವಾಸ್ಯೆಯ ದಿನ ತಿಪ್ಪವ್ವ ಎಡೆ ತೆಗೆದುಕೊಂಡು ನಿಮ್ಮಲ್ಲಿಗೆ ಬಂದಿದ್ದಳು. ಡ್ಯಾಮ್ ಒಡೆದ, ನಾವು ಜುಲೈ ಹನ್ನೆರಡು ಎನ್ನುವ ದಿನವನ್ನು ಅವಳು ಹಾಗೆ ನೆನಪಿಟ್ಟಿದ್ದಾಳೆ: ಅಂದು ಬೆಳಿಗ್ಗೆ ಗುಡಿಸಲ ಮುಂದೆ ಮಣ್ಣಿನ ಎತ್ತು ಮಾಡಿ ಒಣಗಲು ಇಟ್ಟಿದ್ದಳು, ಹೊಳೆ ಬಂದು ಅವನ್ನೂ ಒಯ್ದಿತು. ಮರಾಠಿ ಮಾತಾಡಲು ಒಬ್ಬರು ಬೇಕೆಂದು ನನ್ನನ್ನು ಕರೆದಿದ್ದಳು. ಬೈಯಲು ಕರೆದಿದ್ದಾಳೆಂದು ತಿಳಿದು ನಾನು ಸಿದ್ಧನಾಗಿ ಹೋಗಿದ್ದೆ, ಅವಳು ಬೈಯಲಿಲ್ಲ. ಗೇಟಿನ ಪಹರೆಯವನು ರಿಜಿಸ್ಟರ್ ಮುಂದೆ ತಳ್ಳಿ, ಯಾರನ್ನು ಕಾಣಬೇಕು ಎಂದು ಕೇಳಿದ. ತಿಪ್ಪವ್ವ ಸೆರಗು ಬಾಯಿಗೆ ಹಿಡಿದು ನನ್ನ ಕಡೆ ನೋಡಿದಳು. ಅಂಬಣ್ಣನಿಂದ ತಿಳಿದಿದ್ದ ಅವಳ ಗಂಡನ ಹೆಸರನ್ನು ನಾನು ಬರೆದೆ: ಹುಲಿಗೆಪ್ಪ. ಆ ಹೆಸರನ್ನು ಬರೆದುಕೊಳ್ಳಲು ನನಗೆ ಇಷ್ಟು ದಿನ ಹಿಡಿದಿತ್ತು. ಪಹರೆಯವನು ಓದಿ, ಈ ಹೆಸರಿನ ಸಾಹೇಬರು ನಮ್ಮ ಖಾತೆಯಲ್ಲಿ ಯಾರೂ ಇಲ್ಲ, “ಉದ್ಯಾ ಯಾ” ಎಂದ. ನಾಳೆ ಬರ್ರಿ ಅಂತಾನ ಎಂದು ಹೇಳಿದೆ.

“ನಾಳಿಗೆ ಅಮಾಸಿ ಮುಗಿತೈತಲ್ರಿ,” ಎಂದಳು.

ಹಿಂದಿನ ಗಲ್ಲಿಗೆ ಹೋದೆವು. ಕಿಟಕಿ ಅವಳಿಗೆ ಎತ್ತರ. ಕೆಳಗೆ ಗೋಡೆಯ ಬುಡದಲ್ಲಿ ಜಾಗ ಬಳಿದು, ಎರಡು ಮಣ್ಣಿನ ಎತ್ತು ಇಟ್ಟು, ಎಡೆ ಹಿಡಿದಳು. ಆಮೇಲೆ ಕೇಳಿದಳು:

“ಅಣ್ಣಾರ, ಒಳಗ ಮಾರಿ ಯಾ ಕಡೆ ಮಾಡಿ ಇಟ್ಟಾರು?”

ನಾನು ಇಣುಕಿದೆ. ಕಂಡದ್ದು ಬೆನ್ನು, ಬೆನ್ನ ಮೇಲೆ ೩೧೭.

“ಈ ಕಡೇನ ಅದವ್ವ,” ಎಂದೆ.

ಆ ಕಲ್ಲಿನ ಬಗ್ಗೆ ಇದು ನನ್ನ ಎರಡನೆಯ ಸುಳ್ಳು. ಮೊದಲನೆಯದಕ್ಕೆ ಶಾಲು ಸಿಕ್ಕಿತ್ತು. ಇದಕ್ಕೆ ಅವಳು ಎಡೆಯ ಹೋಳಿಗೆಯಲ್ಲಿ ಅರ್ಧ ಮುರಿದು ಕೊಟ್ಟಳು. ತಿಂದೆ.

ಈಗ ನನ್ನ ಬೇಡಿಕೆ. ನಿಮ್ಮ ತೊಡಕು ನನಗೆ ಅರ್ಥವಾಗುತ್ತದೆ: ದಫ್ತರಿನಲ್ಲಿ ೩೧೭ ಇದೆ, ತಪಾಸಣೆಗೆ ಬಂದವರಿಗೆ ೩೧೭ ತೋರಿಸಬೇಕು. ಅದಕ್ಕೆ ಅಂಬಣ್ಣ ಇನ್ನೊಂದು ಕಲ್ಲು ಕಡಿದಿದ್ದಾನೆ. ಅದನ್ನೇ ತಂಗಿಗೆ ಕೊಡು ಎಂದು ನಾನು ಮೊದಲು ಸೂಚಿಸಿದ್ದೆ, “ಗಂಡನ್ನ ಬದ್ಲಿ ಮಾಡಂತೀರೇನ್ರಿ?” ಎಂದು ತಿಪ್ಪವ್ವ ಕೇಳಿದ ಮೇಲೆ ಆ ಸೂಚನೆ ಹಿಂದಕ್ಕೆ ತೆಗೆದುಕೊಂಡೆ. ಆದ್ದರಿಂದ ಹೊಸದು ನಿಮಗೆ. ನಾಲ್ಕು ತಿಂಗಳಿಂದ ಅದು ನಮ್ಮ ಪಡಸಾಲೆಯಲ್ಲಿದೆ. ಅದು ತಮ್ಮ ಪೂರ್ವಜರ ಕಾಲದಿಂದ ಇಲ್ಲೇ ಇದೆ ಎಂದು ವಾಡೆಯ ಮಾಲಕರು ಆಗಲೇ ಬಂದವರಿಗೆ ಹೇಳತೊಡಗಿದ್ದಾರೆ.

ಕೆಳಗಿನ ಪಟ್ಟಿಯಲ್ಲಿ ಕನ್ನಡಕದ ಒಬ್ಬ ಗಂಡಸು, ಬುಟ್ಟಿ ಹೊತ್ತ ಹೆಂಗಸಿಗೆ ಬೆನ್ನು ಹಾಕಿ, ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದಾನೆ. ಅವನ ಸೈಕಲ್ಲು ಒಂದು ಕಲ್ಲಿಗೆ ಒರಗಿದೆ, ಆ ಕಲ್ಲಿನ ಮೇಲೆ ಕಡಲೆಕಾಳಿನಷ್ಟು ದೊಡ್ಡ ಚಕ್ರಗಳ ಇನ್ನೊಂದು ಸೈಕಲ್ಲು. ನಡುವಿನದರಲ್ಲಿ ಕೈಗಾಡಿ ಕಲ್ಲನ್ನು ಒಯ್ಯುತ್ತಿದೆ. ಮೇಲಿನದು ಖಾಲಿ. ಅದನ್ನೇಕೆ ಬಿಟ್ಟೆ ಎಂದು ಅಂಬಣ್ಣನನ್ನು ಕೇಳಿದೆ.

“ಅದು ಸ್ವರ್ಗದ್ರಿ,” ಎಂದ. “ತಂಗೀ ಕಲ್ಲು ತಿರುಗಿ ಬರ್ಲಿ, ಆಮ್ಯಾಲೆ ನೋಡೂಣು.”

ಬರುವ ಮಣ್ಣೆತ್ತಿನ ಅಮಾವಾಸ್ಯೆಯ ಒಳಗೆ ಅವಳ ಕಲ್ಲನ್ನು ಅರಳೀ ಮರದ ಕೆಳಗೆ, ಆ ತಗ್ಗಿನಲ್ಲೇ, ಹೊಳೆಯ ಕಡೆ ಮುಖ ಮಾಡಿ ನಿಲ್ಲಿಸಿ. ಬದಲಿಗೆ ಇದನ್ನು ಒಯ್ಯಿರಿ. ಬೆನ್ನ ಮೇಲೆ ೩೧೭ ನಾನೇ ಬರೆದು ಕೊಡುತ್ತೇನೆ. ಕಾಲ ಯಾವುದೆಂದು ಬೇಕಾದರೆ ನಿಮಗೆ ಅನುಕೂಲವಾದ ಶತಮಾನ ಹಾಕಿಕೊಳ್ಳಿ, ನಾನು ಪ್ರಬಂಧ ಬರೆಯುವುದಿಲ್ಲ. ಇದನ್ನು ಗೋಡೆಗೆ ಮುಖ ಮಾಡಿಯೇ ನಿಲ್ಲಿಸಿ. ಇದಕ್ಕೆ ಅದೇ ಯೋಗ್ಯ.

ಇಂತಿ, ಮೇಲಿನ ಪಟ್ಟಿ ತುಂಬುವುದನ್ನು ಕಾಯುತ್ತ,
ನಿಮ್ಮ ಗೇಟಿನ ಹೊರಗೆ ಎರಡು ಚಕ್ರದ ರಥ ಹಿಡಿದು ನಿಂತಿರುವ
ಸಿದ್ರಾಮಪ್ಪ