ಹೊಟ್ಟೆ ತುಂಬಿದ ಯೀಸ್ಟ್

ಲ್ಯಾಬಿನ ಹಿಂದಿನ ಮೆಟ್ಟಿಲು,
ಜೂನ್ ೧೪, ಶುಕ್ರವಾರ

ಪ್ರೀತಿಯ ಅಕ್ಕಾ,

ಕಾಲು ಹೇಗಿದೆ? ಪ್ಲಾಸ್ಟರ್ ಒಳಗೆ ತುರಿಸಿತು ಅಂತ ಚಿಕ್ಕಮ್ಮನ ಹೆಣಿಗೆ ಕಡ್ಡಿ ತೂರಿಸಬೇಡ. ಡಾಕ್ಟರಿಗಿಂತ ಮೊದಲು ಚಿಕ್ಕಮ್ಮ ಬೈತಾಳೆ. ಇಲ್ಲಿ ಅಮ್ಮ, ನಾನು ಕ್ಷೇಮ. ಕ್ಷೇಮವಿಲ್ಲದ್ದು ನಿನ್ನ ಯೀಸ್ಟ್ ಮಾತ್ರ. ನೀನು ಕಾಲು ಮುರಿದುಕೊಂಡಿದ್ದೇ ತಡ, ನಮ್ಮ ಲ್ಯಾಬಿನ ಮಹಾಪ್ರಭುಗಳು, ಅಂದರೆ ನಿನ್ನ ಮೇಲಧಿಕಾರಿಗಳು, ಅದನ್ನು ತಮ್ಮ ಅಮೃತಹಸ್ತಕ್ಕೆ ತೆಗೆದುಕೊಂಡರು.

ನಾನು ಟ್ರೈನಿಯಾಗಿ ಸೇರಿದ ದಿನವೇ ನೀನು ಹೇಳಿದ್ದೆ: ಸೋಯಾ ಕಾಳಿನ ಒಳ್ಳೇ ಅಂಶಕ್ಕೆ ಸಕ್ಕರೆಯ ಬಾಲ ಅಂಟಿರುತ್ತೆ, ಹಾಗೇ ತಿಂದರೆ ಮೈಗೆ ಸರಿಯಾಗಿ ಹತ್ತಲ್ಲ. ಆ ಬಾಲ ಕತ್ತರಿಸೋ ಕಿಣ್ವದ ಜೀನನ್ನು ನಿನ್ನ ಯೀಸ್ಟಿಗೆ ಸೇರಿಸಿದ್ದೀಯ. ಆದರೆ ಅದು ಹಸಿದಾಗ ಮಾತ್ರ ಕತ್ತರಿ ಹಿಡಿಯುತ್ತೆ; ಗ್ಲೂಕೋಸ್ ಕಂಡರೆ ಕೈಕಟ್ಟಿ ಕೂರುತ್ತೆ. ಇಷ್ಟು ನನ್ನ ಮಂಡೆಗೂ ಹೋಯಿತು. ಪ್ರಭುಗಳ ಮಂಡೆಯಲ್ಲಿ ಜಾಗ ಇರಲಿಲ್ಲ, ಅಲ್ಲಿ ಅವರೇ ತುಂಬಿದ್ದರು. "ಪಾಪ, ಬಡಕಲಾಗಿದೆ, ಹೊಟ್ಟೆ ತುಂಬ ತಿನ್ನಿಸ್ರಯ್ಯಾ" ಅಂತ ಸೋಯಾ ತುಂಬಿದ ಟ್ಯಾಂಕಿಗೆ ಮೂಟೆಗಟ್ಟಲೆ ಗ್ಲೂಕೋಸ್ ಸುರಿಸಿದರು. ಅಕ್ಕ ಬೇಡ ಅಂದಿದ್ದಳು ಸಾರ್ ಅಂದೆ. "ನಿಮ್ಮಕ್ಕ ಯೀಸ್ಟನ್ನೂ ಉಪವಾಸ ಕೆಡವೋಳು ಕಣೋ!" ಅಂದರು.

ಯೀಸ್ಟ್ ಉಂಡಿತು, ಉಬ್ಬಿತು, ಟ್ಯಾಂಕಿನ ಬಾಯಿಂದ ನೊರೆಯಾಗಿ ಹೊರಬಂತು. ಇಡೀ ಕಾರಿಡಾರ್ ಬೇಕರಿ ವಾಸನೆ. ಪ್ರಭುಗಳಿಗೂ ಮೇಲಿರೋ ದೊಡ್ಡ ಮೇಡಂ ನೋಡಲು ಬಂದಾಗ ಪ್ರಭುಗಳು ಟ್ಯಾಂಕಿನ ಪಕ್ಕ ಮದುಮಗನ ಹಾಗೆ ನಿಂತಿದ್ದರು. ಪರೀಕ್ಷೆ ಮಾಡಿದರೆ ಒಂದು ಬಾಲವೂ ತುಂಡಾಗಿಲ್ಲ! ಆ ಕ್ಷಣದಲ್ಲಿ ಆ ಮಹಾಮುಖದ ಬಣ್ಣ ನೋಡಲು ನಿನಗೆ ಪುಣ್ಯ ಇರಲಿಲ್ಲ ಅಕ್ಕಾ. ಕುಣಿಯೋಕೆ ಬಾರದವರು ನೆಲ ಡೊಂಕು ಅಂತಾರೆ. ಇವರು ನೆಲವನ್ನೇ ಅಗೆದುಹಾಕಿ ಡೊಂಕು ಅಂದರು. "ಆ ಹುಡುಗಿ ಮಾಡಿದ ಯೀಸ್ಟೇ ದಂಡ. ಸೋಮವಾರ ಅವಳು ಮೂಲ ಯೀಸ್ಟ್ ಕಾಪಿಟ್ಟಿರೋ ಟ್ಯೂಬುಗಳನ್ನೂ ಸೇರಿಸಿ ಎಲ್ಲಾ ನಾಶಮಾಡಿ." ನಿನ್ನ ಅಷ್ಟು ವರ್ಷದ ದುಡಿಮೆಗೆ ಇಷ್ಟೇ ಚರಮಗೀತೆ. ನಾನು ತಲೆಬಾಗಿ "ಅಪ್ಪಣೆ" ಅಂದೆ.

ಚಿಕ್ಕಮ್ಮನಿಗೆ ನಮಸ್ಕಾರ, ನಿನ್ನ ಪ್ಲಾಸ್ಟರಿಗೆ ಶುಭಾಶಯ.

ನಿನ್ನ ತಲೆಹರಟೆ ತಮ್ಮ

ತಾ.ಕ.: ಸೋಮವಾರ ಸಕಲ ಮರ್ಯಾದೆಯೊಂದಿಗೆ ನಾಶವಾಗೋದು ಬೇಕರಿಯಿಂದ ತಂದ ಬ್ರೆಡ್ ಯೀಸ್ಟ್. ನಿನ್ನ ಟ್ಯೂಬುಗಳು ನಮ್ಮ ಮನೆ ಫ್ರಿಜ್‌ನಲ್ಲಿ, ಬೆಣ್ಣೆ ಡಬ್ಬಿಯ ಹಿಂದಿವೆ. ಅದಕ್ಕೂ ಮುಂಚೆ ಲ್ಯಾಬಿನ ಮೂಲೆಯ ಚಿಕ್ಕ ಫ್ಲಾಸ್ಕಿನಲ್ಲಿ ಸೋಯಾ ಜೊತೆ ನಿನ್ನ ಯೀಸ್ಟನ್ನು ಗ್ಲೂಕೋಸ್ ಹಾಕದೆ ಉಪವಾಸ ಕೆಡವಿ ನೋಡಿದೆ: ಬಾಲಗಳೆಲ್ಲ ಕಟ್! ದೊಡ್ಡ ಮೇಡಂಗೆ ಇದನ್ನು ನೀನೇ ತೋರಿಸಬೇಕು. ಕುಂಟಿಕೊಂಡಾದರೂ ಬೇಗ ಬಾ. ಭಾನುವಾರ ಅಮ್ಮ ಫ್ರಿಜ್ ತೊಳೀತಾಳೆ. ಪ್ರಭುಗಳನ್ನು ಏಮಾರಿಸಿದ ಹಾಗೆ ಅವಳನ್ನು ಏಮಾರಿಸೋಕೆ ಆಗಲ್ಲ.